ನೀರು ತಂದುಕೊಟ್ಟವನ ಲೆಕ್ಕ

ಪ್ರಶ್ನೆ: ನಾನು ಬಿ.ಇಡಿ. ಮೊದಲ ವರ್ಷದ ವಿದ್ಯಾರ್ಥಿನಿ. ಮುಂದಿನ ವಾರ ನಮ್ಮನ್ನು ನಾಲ್ಕೈದು ಜನರ ಗುಂಪುಗಳಾಗಿ ಮಾಡಿ ಪಾಠೋಪಕರಣ ತಯಾರಿಸುವ ಕೆಲಸ ಕೊಡುತ್ತಾರೆ. ಅದಕ್ಕೆ ಮೊದಲು, ಹಿಂದೆ ಸಣ್ಣ ಗುಂಪಿನಲ್ಲಿ ಕೆಲಸ ಮಾಡಿದ ಅನುಭವದ ಬಗ್ಗೆ ಎರಡು ಪುಟದ ಹಿನ್ನೋಟ ಬರೆದುಕೊಡಬೇಕು. ನನ್ನ ಅನುಭವ ಕಹಿಯಾದದ್ದು. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ನಾವು ನಾಲ್ವರು ಸೇರಿ ಸುತ್ತಲಿನ ಕೊಳವೆಬಾವಿಗಳ ನೀರಿನ ಗಡಸುತನ ಪರೀಕ್ಷಿಸುವ ಪ್ರಾಜೆಕ್ಟ್ ಮಾಡಿದೆವು. ಒಟ್ಟು 24 ಮಾದರಿ. ಒಬ್ಬ ನೀರು ತಂದುಕೊಟ್ಟಿದ್ದು ಬಿಟ್ಟರೆ ಏನೂ ಮಾಡಲಿಲ್ಲ. ಇನ್ನೊಬ್ಬ ಬರಲೇ ಇಲ್ಲ. ಗೆಳತಿಯೊಬ್ಬಳು ಬಂದು ಪಕ್ಕದಲ್ಲಿ ಕೂತು ಹೋಗುತ್ತಿದ್ದಳು. ಪರೀಕ್ಷೆ, ಲೆಕ್ಕ, ವರದಿ ಎಲ್ಲವೂ ನನ್ನ ತಲೆಯ ಮೇಲೆ. ಕೊನೆಗೆ ನಾಲ್ವರಿಗೂ ಒಂದೇ ಅಂಕ. ನಿಜ ಬರೆದರೆ ದೂರು ಎನ್ನಿಸುತ್ತದೆ, ಒಳ್ಳೆಯ ಮಾತು ಬರೆದರೆ ಸುಳ್ಳಾಗುತ್ತದೆ. ಸಾಲದ್ದಕ್ಕೆ ಆ ಗೆಳತಿ ಈಗ ಇದೇ ಕಾಲೇಜಿನಲ್ಲಿದ್ದಾಳೆ, ನನ್ನ ಹೊಸ ಗುಂಪಿನಲ್ಲೇ ಇದ್ದಾಳೆ. ಏನು ಬರೆಯಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಪರವಾಗಿ ಸಿಟ್ಟು ಬಂತು. ಎರಡನೆಯ ಸಲ ಒಂದು ವಾಕ್ಯದ ಹತ್ತಿರ ನಿಂತುಬಿಟ್ಟೆ: ‘ನೀರು ತಂದುಕೊಟ್ಟಿದ್ದು ಬಿಟ್ಟರೆ ಏನೂ ಮಾಡಲಿಲ್ಲ.’ ಅದಕ್ಕೆ ಆಮೇಲೆ ಬರುತ್ತೇನೆ.

ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ವಿಜ್ಞಾನ ಬೋಧನೆ ಕಲಿಸುತ್ತ ಇಂತಹ ಹಿನ್ನೋಟದ ಪುಟಗಳನ್ನು ವರ್ಷವರ್ಷವೂ ಓದಿದವನು ನಾನು. ಅವುಗಳಲ್ಲಿ ಬಹುಪಾಲು ಎರಡೇ ಜಾತಿ. ಒಂದು, ಬೀಳ್ಕೊಡುಗೆ ಸಮಾರಂಭದ ಭಾಷಣ: ‘ಎಲ್ಲರೂ ಒಗ್ಗಟ್ಟಿನಿಂದ ದುಡಿದೆವು, ಸಹಕಾರ ಮನೋಭಾವ ಬೆಳೆಯಿತು.’ ಇನ್ನೊಂದು, ಪೊಲೀಸ್ ಠಾಣೆಗೆ ಕೊಟ್ಟ ದೂರು. ಭಾಷಣ ಬರೆದವರಿಗೆ ಹತ್ತಕ್ಕೆ ಎಂಟು ಅಂಕ, ದೂರು ಬರೆದವರಿಗೆ ಐದು ಸಿಗುವುದು ವಾಡಿಕೆ. ನಾನೂ ಹಾಗೆ ಕೊಟ್ಟಿದ್ದೇನೆ, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಹಾಗಾಗಿ ನಿಮ್ಮ ಅಂಜಿಕೆಗೆ ಕಾರಣವಿದೆ. ಆದರೆ ಈ ಎರಡೂ ಜಾತಿಯ ಬರಹಗಳ ದೋಷ ಒಂದೇ. ಎರಡೂ ತೀರ್ಪಿನಿಂದ ಶುರುವಾಗುತ್ತವೆ. ಅಲ್ಲಿ ಏನು ನಡೆಯಿತು ಎಂಬುದು ಓದುವವರಿಗೆ ಕಾಣುವುದಿಲ್ಲ, ಬಹಳ ಸಲ ಬರೆದವರಿಗೂ ಕಂಡಿರುವುದಿಲ್ಲ.

ಮೊದಲು ನಿಮ್ಮ ಸಿಟ್ಟಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಗುಂಪಿನಲ್ಲಿ ಕೈ ಸಡಿಲ ಬಿಡುವವರು ಇರುತ್ತಾರೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜನರಿಂದ ಹಗ್ಗ ಎಳೆಸಿ ಅವರ ಬಲ ಅಳೆದ. ಫಲಿತಾಂಶ ಪ್ರಕಟವಾದದ್ದು 1913ರಲ್ಲಿ. ಒಬ್ಬನೇ ಎಳೆದಾಗ ಇದ್ದ ಬಲ, ಎಂಟು ಜನ ಸೇರಿ ಎಳೆದಾಗ ತಲಾ ಅರ್ಧದಷ್ಟಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಗಳಿಗೆಯಲ್ಲಿ ಎಳೆಯಲಾರರು, ಅದರಿಂದ ಹಾಗಾಗಿರಬಹುದು ಎಂದು ನೀವು ಕೇಳಬಹುದು. 1974ರಲ್ಲಿ ಅಮೆರಿಕದ ಸಂಶೋಧಕರು ಅದನ್ನೂ ನೋಡಿದರು. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ಅವನ ಹಿಂದೆ ಎಳೆಯುವ ನಟನೆ ಮಾಡುವವರನ್ನು ಮಾತ್ರ ನಿಲ್ಲಿಸಿದರು. ಹಿಂದೆ ಜನ ಇದ್ದಾರೆ ಎಂಬ ನಂಬಿಕೆಯೊಂದರಿಂದಲೇ ಅವನ ಬಲ ಕುಗ್ಗಿತು. ಮುಂದೆ 1979ರಲ್ಲಿ ಬಿಬ್ ಲಟಾನೆ ಮತ್ತು ಸಂಗಡಿಗರು ಜನರಿಂದ ಚಪ್ಪಾಳೆ ತಟ್ಟಿಸಿ, ಕೂಗಿಸಿ ಇದೇ ಗುಣವನ್ನು ಕಂಡರು. ಅದೇ ತಂಡ ಎರಡು ವರ್ಷದ ಬಳಿಕ ಮಾಡಿದ ಪ್ರಯೋಗ ಇದಕ್ಕಿಂತ ಮುಖ್ಯ. ಪ್ರತಿಯೊಬ್ಬರ ಕೂಗನ್ನೂ ಪ್ರತ್ಯೇಕವಾಗಿ ಅಳೆಯುತ್ತೇವೆ ಎಂದು ತಿಳಿಸಿದಾಗ ಮೈಗಳ್ಳತನ ಮಾಯವಾಯಿತು.

ಇದನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ, ಊರ ತೇರು ಎಳೆಯುವುದನ್ನು ನೋಡಿದರೆ ಸಾಕು. ಹಗ್ಗಕ್ಕೆ ಇನ್ನೂರು ಕೈಗಳು. ಅದರಲ್ಲಿ ಎಳೆಯುವ ಕೈ ಎಷ್ಟು, ಪುಣ್ಯಕ್ಕೆ ಮುಟ್ಟಿದ ಕೈ ಎಷ್ಟು, ಮೊಬೈಲ್ ಹಿಡಿದ ಕೈ ಎಷ್ಟು ಎಂದು ಯಾರೂ ಹೇಳಲಾರರು. ಆದರೆ ಚಕ್ರದ ಬಳಿ ಬಾಗಿ ಮರದ ತುಂಡು ಕೊಟ್ಟು ತೇರಿನ ದಿಕ್ಕು ತಿದ್ದುವವರನ್ನು ಗಮನಿಸಿ. ಅವರು ಒಂದು ಕ್ಷಣವೂ ಮೈಮರೆಯುವುದಿಲ್ಲ. ಅಪಾಯ ಇದೆ ಎಂಬುದು ಒಂದು ಕಾರಣ. ಅದು ಯಾರ ಕೆಲಸ ಎಂದು ಇಡೀ ಬೀದಿಗೆ ಗೊತ್ತಿರುವುದು ಇನ್ನೊಂದು.

ನಿಮ್ಮ ನಾಲ್ವರಲ್ಲಿ ಯಾರ ಕೆಲಸ ಯಾವುದು ಎಂದು ಬರೆದಿಟ್ಟ ಒಂದು ಚೀಟಿಯಾದರೂ ಇತ್ತೇ? ಇರಲಿಲ್ಲ ಎಂದು ನನ್ನ ಅಂದಾಜು. ಅದು ನಿಮ್ಮ ತಪ್ಪೆಂದು ಹೇಳುತ್ತಿಲ್ಲ. ನಾಲ್ವರ ಹೆಸರಿಗೆ ಒಂದೇ ವರದಿ, ಒಂದೇ ಅಂಕ ಎಂದು ಮೊದಲೇ ಸಾರಿದ ಅಧ್ಯಾಪಕರು ತೇರಿನ ಹಗ್ಗ ಕೊಟ್ಟರೇ ಹೊರತು ಚಕ್ರದ ಬಳಿಯ ಜಾಗವನ್ನು ಯಾರಿಗೂ ಕೊಡಲಿಲ್ಲ. ಈ ಮಾತನ್ನು ನಿಮ್ಮ ಹಿನ್ನೋಟದಲ್ಲಿ ಬರೆಯಬಹುದು, ಬರೆಯಬೇಕು. ಯಾರನ್ನೂ ದೂರದೆ ಹೇಳಬಹುದಾದ ನಿಜ ಇದು.

ಇನ್ನು ಕಷ್ಟದ ಭಾಗ. 1979ರಲ್ಲೇ ಕೆನಡಾದ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಮನಃಶಾಸ್ತ್ರಜ್ಞರು 37 ದಂಪತಿಗಳನ್ನು ಮಾತನಾಡಿಸಿದರು. ತಿಂಡಿ ಮಾಡುವುದು, ಪಾತ್ರೆ ತೊಳೆಯುವುದು ಮುಂತಾದ 20 ಬಾಬತ್ತುಗಳನ್ನು ಮುಂದಿಟ್ಟು, ಇದರಲ್ಲಿ ನಿಮ್ಮ ಪಾಲೆಷ್ಟು ಎಂದು ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ ಕೇಳಿದರು. 16 ಬಾಬತ್ತುಗಳಲ್ಲಿ ಇಬ್ಬರ ಪಾಲನ್ನೂ ಕೂಡಿಸಿದರೆ ಆದ ಕೆಲಸಕ್ಕಿಂತ ಹೆಚ್ಚಾಗುತ್ತಿತ್ತು. ಜಂಬ ಎಂದು ನಗಬೇಡಿ. ಮನೆಯಲ್ಲಿ ಜಗಳ ಎಬ್ಬಿಸುವಂತಹ ಕೆಟ್ಟ ಕೆಲಸಗಳಲ್ಲಿಯೂ ತಮ್ಮ ಪಾಲೇ ಹೆಚ್ಚು ಎಂದು ಜನ ಹೇಳಿದ್ದರು. ಕಾರಣ ಸರಳ. ನನ್ನ ಕೈ ಮಾಡಿದ್ದು ನನಗೆ ನೆನಪಿದೆ. ನಾನು ಸ್ನಾನಕ್ಕೆ ಹೋದಾಗ ಇನ್ನೊಬ್ಬರ ಕೈ ಮಾಡಿದ್ದನ್ನು ನಾನು ನೋಡಿಯೇ ಇಲ್ಲ, ನೆನಪಿಟ್ಟುಕೊಳ್ಳುವುದು ಎಲ್ಲಿಂದ?

ಇದನ್ನು ಓದಿ ತಲೆಯಾಡಿಸಿದ್ದವನು, ನನ್ನ ಬುಡಕ್ಕೇ ಬಂದಾಗ ತಬ್ಬಿಬ್ಬಾದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಐವರು ಅಧ್ಯಾಪಕರು ಐದನೆಯ ತರಗತಿಯ ವಿಜ್ಞಾನಕ್ಕೆ ಶಿಕ್ಷಕರ ಕೈಪಿಡಿಯೊಂದನ್ನು ಬರೆದೆವು. ಅದನ್ನು ಪೂರ್ತಿ ಬರೆದವನು ನಾನೇ ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಉಳಿದವರು ಚಹಾ ಕುಡಿದು ಹೋದರು ಎಂಬುದು ನನ್ನ ಕಥೆಯ ಖಾಯಂ ಸಾಲು. ನಿವೃತ್ತನಾಗಿ ಮನೆ ಬದಲಿಸುವಾಗ ಟ್ರಂಕಿನಲ್ಲಿ ಆ ಹಸ್ತಪ್ರತಿ ಸಿಕ್ಕಿತು. ಮೊದಲ ಮೂರು ಅಧ್ಯಾಯಗಳು ಬೇರೆ ಮೂವರ ಕೈಬರಹದಲ್ಲಿದ್ದವು. ಮೂರರ ಮೇಲೂ ನನ್ನ ಕೆಂಪು ಶಾಯಿ. ತಿದ್ದುಪಡಿ ಎಂದರೆ ಸಾಮಾನ್ಯ ತಿದ್ದುಪಡಿಯಲ್ಲ, ಸಾಲಿಗೆ ಸಾಲನ್ನೇ ಹೊಡೆದುಹಾಕಿದ್ದೆ. ಒಂದು ಕಡೆ ಅಂಚಿನಲ್ಲಿ ‘ಇದು ಕನ್ನಡವೇ?’ ಎಂದು ಬರೆದಿದ್ದೆ. ನಾಲ್ಕನೆಯ ಅಧ್ಯಾಯದಿಂದ ಮುಂದೆ ಇದ್ದುದು ನನ್ನ ಕೈಬರಹ ಮಾತ್ರ.

ಆ ಐವರಲ್ಲಿ ಒಬ್ಬರಾಗಿದ್ದ ಅಧ್ಯಾಪಕಿಗೆ ಅಂದೇ ಸಂಜೆ ಫೋನ್ ಮಾಡಿದೆ. ‘ನೀವು ಹೇಗೂ ಮತ್ತೆ ಬರೆಯುತ್ತಿದ್ದಿರಲ್ಲ ಸರ್, ನಾವು ಯಾಕೆ ಎರಡು ಸಲ ಬರೆಸಬೇಕು ಎಂದುಕೊಂಡೆವು’ ಎಂದರು. ಧ್ವನಿಯಲ್ಲಿ ಮುನಿಸಿರಲಿಲ್ಲ. ಅವರ ಪಾಲಿಗೆ ಅದು ಮುಗಿದ ವ್ಯವಹಾರ. ‘ಇದು ಕನ್ನಡವೇ’ ಎಂದು ಬರೆಸಿಕೊಂಡ ಅಧ್ಯಾಯ ಅವರದೇ ಎಂದು ಆಮೇಲೆ ಗೊತ್ತಾಯಿತು.

ನನ್ನ ಕಥೆ ನಿಮ್ಮ ಕಥೆಯಾಗಿರಬೇಕಾಗಿಲ್ಲ. ಎಲ್ಲ ತಪ್ಪನ್ನೂ ತನ್ನ ತಲೆಗೆ ಕಟ್ಟಿಕೊಳ್ಳುವ ಹಿನ್ನೋಟವೂ ಒಂದು ಬಗೆಯ ಭಾಷಣವೇ. ಅದನ್ನು ಬರೆದು ವಿನಯವಂತೆ ಎನ್ನಿಸಿಕೊಳ್ಳಬೇಡಿ. ಆದರೆ ತೀರ್ಪು ಕೊಡುವ ಮೊದಲು ಕಡತ ತರಿಸಿ ನೋಡುವುದು ನ್ಯಾಯ.

ಈಗ ಆ ವಾಕ್ಯಕ್ಕೆ ಬರೋಣ. ನೀರು ತಂದುಕೊಟ್ಟಿದ್ದು. 24 ಮಾದರಿ ಎಂದು ನೀವೇ ಬರೆದಿದ್ದೀರಿ. 24 ಮಾದರಿ ಎಂದರೆ 24 ಬಾಟಲಿ, ಹೆಚ್ಚುಕಡಿಮೆ 24 ಮನೆ ಅಥವಾ ತೋಟದ ಬಾಗಿಲು. ಗುರುತಿಲ್ಲದವರ ಮುಂದೆ ನಿಂತು, ಕಾಲೇಜಿನವನು ನಾನು, ನಿಮ್ಮ ಕೊಳವೆಬಾವಿಯ ನೀರು ಬೇಕು ಎಂದು ಕೇಳಬೇಕು. ಕರೆಂಟ್ ಇಲ್ಲದಿದ್ದರೆ ಪಂಪ್ ಓಡುವುದಿಲ್ಲ, ಬರುವವರೆಗೆ ಕಾಯಬೇಕು ಅಥವಾ ಮರುದಿನ ಮತ್ತೆ ಹೋಗಬೇಕು. ಪಂಪ್ ಓಡಿದ ಮೇಲೂ ಕೊಳವೆಯಲ್ಲಿ ನಿಂತಿದ್ದ ನೀರನ್ನು ಹರಿಯಬಿಟ್ಟು, ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು ತುಂಬಬೇಕು. ಯಾವ ಬಾಟಲಿ ಎಲ್ಲಿಯದು ಎಂದು ಚೀಟಿ ಅಂಟಿಸಬೇಕು. ಒಂದು ಚೀಟಿ ಅದಲುಬದಲಾದರೂ ನಿಮ್ಮ ವರದಿಯ ಕೋಷ್ಟಕ ಸುಳ್ಳಾಗುತ್ತಿತ್ತು. ಅವನ ಬಳಿ ಬೈಕ್ ಇತ್ತೇ, ಪೆಟ್ರೋಲಿನ ಹಣ ಯಾರದ್ದು, ಇವು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಆ ‘ಗೊತ್ತಿಲ್ಲ’ ಎಂಬುದನ್ನೇ ಹಿನ್ನೋಟದಲ್ಲಿ ಬರೆಯಿರಿ. ನಿಮ್ಮ ಎರಡು ಪುಟದಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಸಾಲು ಇನ್ನೊಂದು ಇರಲಾರದು.

ನೋಡಿದರೆ ಅವನು ಎರಡೇ ಬೀದಿಯ ನಲ್ಲಿಗಳಿಂದ 24 ಬಾಟಲಿ ತುಂಬಿಕೊಂಡು ಬಂದಿದ್ದನೆಂದೂ ತಿಳಿದುಬರಬಹುದು. ಹುಡುಗರು ಅದನ್ನೂ ಮಾಡುತ್ತಾರೆ. ಹಾಗಿದ್ದರೆ ಅದೂ ದಾಖಲಾಗಲಿ.

ಬರಲೇ ಇಲ್ಲದವನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬರಲಿಲ್ಲ ಎಂದರೆ ಬರಲಿಲ್ಲ. ಆದರೆ ಹೇಗೆ ಬರೆಯುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ‘ಅವನು ಬೇಜವಾಬ್ದಾರಿ’ ಎಂದರೆ ತೀರ್ಪಾಯಿತು, ಮುಂದೆ ಯೋಚಿಸಲು ಏನೂ ಉಳಿಯುವುದಿಲ್ಲ. ‘ಐದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಆರನೆಯ ಸಲ ನಾನು ಮಾಡಲಿಲ್ಲ. ಅಧ್ಯಾಪಕರಿಗೂ ತಿಳಿಸಲಿಲ್ಲ’ ಎಂದು ಬರೆದರೆ ಘಟನೆಯಾಯಿತು. ಯಾಕೆ ತಿಳಿಸಲಿಲ್ಲ ಎಂಬ ಪ್ರಶ್ನೆ ತಾನಾಗಿ ಎದ್ದು ನಿಲ್ಲುತ್ತದೆ. ಚಾಡಿ ಎನ್ನುತ್ತಾರೆಂದೋ, ಹೇಗೂ ನಾನೇ ಮಾಡಿ ಮುಗಿಸಬಲ್ಲೆ ಎಂದೋ? ಎರಡನೆಯ ಉತ್ತರ ಬಂದರೆ ಅಲ್ಲೇ ಸ್ವಲ್ಪ ಹೊತ್ತು ಕೂತುಕೊಳ್ಳಿ. ನಾನೂ ಅಲ್ಲೇ ಎಡವಿದವನು.

ಪಕ್ಕದಲ್ಲಿ ಕೂತು ಹೋಗುತ್ತಿದ್ದ ಗೆಳತಿಯ ವಿಷಯ ಇದಕ್ಕಿಂತ ಸೂಕ್ಷ್ಮ. ಅನಿತಾ ವೂಲಿ ಮತ್ತು ಸಂಗಡಿಗರು 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. 699 ಜನರನ್ನು ಇಬ್ಬರಿಂದ ಐವರವರೆಗಿನ ಗುಂಪುಗಳಾಗಿ ಮಾಡಿ ನಾನಾ ಬಗೆಯ ಕೆಲಸ ಕೊಟ್ಟರು. ಯಾವ ಗುಂಪು ಚೆನ್ನಾಗಿ ಮಾಡುತ್ತದೆ ಎಂಬುದಕ್ಕೂ ಆ ಗುಂಪಿನ ಅತಿ ಜಾಣರ ಬುದ್ಧಿಮಟ್ಟಕ್ಕೂ ಹೇಳಿಕೊಳ್ಳುವಂತಹ ನಂಟು ಕಾಣಲಿಲ್ಲ. ನಂಟು ಕಂಡದ್ದು ಬೇರೆ ಸಂಗತಿಗಳೊಡನೆ. ಸದಸ್ಯರು ಎದುರಿನವರ ಮುಖ ನೋಡಿ ಮನಸ್ಸು ಅರಿಯಬಲ್ಲವರೇ, ಮಾತು ಎಲ್ಲರಿಗೂ ಸರಿಸುಮಾರು ಹಂಚಿಹೋಗಿದೆಯೇ ಎಂಬುದು ಮುಖ್ಯವಾಗಿತ್ತು. ಒಬ್ಬಿಬ್ಬರೇ ಮಾತನ್ನೆಲ್ಲ ಆಳಿದ ಗುಂಪುಗಳು ಹಿಂದೆ ಬಿದ್ದಿದ್ದವು. ನಿಮ್ಮ ನಾಲ್ವರು ಮೊದಲ ದಿನ ಕೂತು ಮಾತಾಡಿದ್ದು ನೆನಪಿದೆಯೇ? ಕೊಳವೆಬಾವಿ ಎಂಬ ವಿಷಯವನ್ನು ಆರಿಸಿದವರು ಯಾರು? ಆಕೆ ಏನಾದರೂ ಹೇಳಿದ್ದಳೇ, ನೀವು ಏನೆಂದಿರಿ? ನೆನಪಿಗೆ ಬರುವುದು ನಿಮ್ಮ ಮಾತು ಮಾತ್ರವಾಗಿದ್ದರೆ ಒಂದೋ ಅವಳು ಮಾತಾಡಿಲ್ಲ, ಇಲ್ಲವೇ ನಿಮಗೆ ಕೇಳಿಸಿಲ್ಲ. ಎರಡರಲ್ಲಿ ಯಾವುದು ಎಂದು ಬಲ್ಲವಳು ಅವಳೊಬ್ಬಳೇ.

ಮುರಿದ ಗುಂಪಿನ ಅನುಭವವನ್ನು ಜನ ಚೆನ್ನಾಗಿ ಬಳಸಿಕೊಂಡ ಒಂದು ನಿದರ್ಶನ ನಮ್ಮ ನಾಡಿನಲ್ಲೇ ಇದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಲು ನೆರವಾಗಿತ್ತು. ಎಂಬತ್ತರ ದಶಕದ ನಡುವಿನ ಹೊತ್ತಿಗೆ ಅವುಗಳಲ್ಲಿ ಹಲವು ಕುಸಿದವು. ಮುಖಂಡರ ಮೇಲೆ ಸದಸ್ಯರಿಗೆ ವಿಶ್ವಾಸ ಉಳಿದಿರಲಿಲ್ಲ. ಬೇರೆಯವರಾಗಿದ್ದರೆ ಸಾಲ ಮುಳುಗಿಸಿ ಸುಮ್ಮನಾಗುತ್ತಿದ್ದರು. ಇಲ್ಲಿ ಸದಸ್ಯರು ಚಿಕ್ಕ ಚಿಕ್ಕ ಗುಂಪುಗಳಾಗಿ ಬಂದು, ಸಾಲ ತೀರಿಸುತ್ತೇವೆ, ಆದರೆ ಆ ಸಂಘಕ್ಕೆ ಕಟ್ಟುವುದಿಲ್ಲ ಎಂದರು. ಹಾಗಾದರೆ ನೀವು ಬಂದಿರುವ ಈ ಗುಂಪಿಗೇ ಕಟ್ಟಿ ಎಂಬ ಸಲಹೆ ಬಂತು. ಹೀಗೆ ಹುಟ್ಟಿದ ಸಣ್ಣ ಗುಂಪುಗಳಿಗೆ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ ಆದ ನಬಾರ್ಡ್ 1987ರಲ್ಲಿ 10 ಲಕ್ಷ ರೂಪಾಯಿ ನೆರವು ಕೊಟ್ಟಿತು. 1992ರಲ್ಲಿ ದೇಶದಲ್ಲಿ ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಜೋಡಿಸುವ ಕಾರ್ಯಕ್ರಮ ಶುರುವಾದಾಗ ಈ ಅನುಭವವೂ ಅದರ ಹಿಂದಿತ್ತು.

ನನಗೆ ಇದರಲ್ಲಿ ಹಿಡಿಸಿದ್ದು ಆ ಜನ ಕೇಳಿಕೊಂಡ ಪ್ರಶ್ನೆ. ಸಂಘ ಯಾರಿಂದ ಕೆಟ್ಟಿತು ಎಂಬ ಚರ್ಚೆ ಹಳ್ಳಿಯಲ್ಲಿ ನಡೆಯದೇ ಇದ್ದಿರಲಾರದು, ಕಟ್ಟೆಯ ಮೇಲೆ ಸಾಕಷ್ಟು ನಡೆದಿರುತ್ತದೆ. ಆದರೆ ಮುಂದಿನ ಹೆಜ್ಜೆ ಇಟ್ಟದ್ದು, ನಾವು ಯಾರನ್ನು ನಂಬಿ ಹಣ ಕೊಡಬಲ್ಲೆವು ಎಂಬ ಪ್ರಶ್ನೆಯಿಂದ. ಇನ್ನೊಂದು ಸಣ್ಣ ಸಂಗತಿ. ಇಂದಿಗೂ ಯಾವುದೇ ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ಹೋಗಿ ನೋಡಿ, ನಡಾವಳಿ ಪುಸ್ತಕ ಇರುತ್ತದೆ. ಯಾರು ಬಂದರು, ಯಾರು ಎಷ್ಟು ಕಟ್ಟಿದರು, ಏನು ತೀರ್ಮಾನವಾಯಿತು, ಕೆಳಗೆ ಎಲ್ಲರ ಸಹಿ. ಎರಡು ವರ್ಷದ ಬಳಿಕ ‘ನಾನೇ ಎಲ್ಲ ಮಾಡಿದೆ’ ಎಂದು ಯಾರಾದರೂ ಹೇಳಿದರೆ ಪುಸ್ತಕ ತೆಗೆದು ಮುಂದಿಡಬಹುದು. ಓದಿದ ನಾವು ಐವರು ಅಧ್ಯಾಪಕರು ಅಂತಹ ಪುಸ್ತಕ ಇಡಲಿಲ್ಲ.

ಬರೆಯುವ ರೀತಿಯ ಬಗ್ಗೆ ಒಂದೆರಡು ಮಾತು. ನಿಮ್ಮ ಪಠ್ಯದಲ್ಲಿ ಬ್ರೂಸ್ ಟಕ್‌ಮನ್ ಅವರ ಹಂತಗಳು ಬಂದಿರುತ್ತವೆ: ಗುಂಪು ಕೂಡುವುದು, ಕದಡುವುದು, ಹದಕ್ಕೆ ಬರುವುದು, ದುಡಿಯುವುದು. ಆ ಹಂತಗಳನ್ನು ತಲೆಬರಹ ಮಾಡಿಕೊಂಡು ನಿಮ್ಮ ಅನುಭವವನ್ನು ಅದರೊಳಗೆ ತುರುಕಬೇಡಿ. 1965ರಲ್ಲಿ ಅವರು ಅದನ್ನು ರೂಪಿಸಿದ್ದು ಐವತ್ತರಷ್ಟು ಪ್ರಬಂಧಗಳನ್ನು ಓದಿ, ಅದರಲ್ಲಿ ಹೆಚ್ಚಿನವು ಮಾನಸಿಕ ಚಿಕಿತ್ಸೆಯ ಮತ್ತು ತರಬೇತಿಯ ಗುಂಪುಗಳ ಬಗೆಗಿನವು. ನಿಮ್ಮ ಗುಂಪು ಕದಡಲೇ ಇಲ್ಲ, ಅದೇ ಅದರ ತೊಂದರೆ. ಯಾರೂ ಜಗಳವಾಡಲಿಲ್ಲ. ನೀವು ಒಳಗೊಳಗೇ ಕುದಿಯುತ್ತ ಕೆಲಸ ಮುಗಿಸಿದಿರಿ, ಉಳಿದವರು ಸದ್ಯ ಮುಗಿಯಿತಲ್ಲ ಎಂದು ಮನೆಗೆ ಹೋದರು.

ಹಿನ್ನೋಟ ಬರೆಯಲು ಗ್ರಹಾಂ ಗಿಬ್ಸ್ 1988ರಲ್ಲಿ ಸೂಚಿಸಿದ ಕ್ರಮದ ಮೊದಲ ಎರಡು ಮೆಟ್ಟಿಲು ಮಾತ್ರ ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅನುಭವ. ಮೊದಲು ನಡೆದದ್ದು, ಆಮೇಲೆ ಅನ್ನಿಸಿದ್ದು. ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ನಡೆದದ್ದರ ಹಾಳೆಯಲ್ಲಿ ಮೂರು ದೃಶ್ಯ ಸಾಕು: ವಿಷಯ ಆರಿಸಿದ ದಿನ, ಕೆಲಸವೆಲ್ಲ ನನ್ನ ಮೇಲೆ ಬಿತ್ತು ಎಂದು ಮೊದಲು ಅನ್ನಿಸಿದ ದಿನ, ವರದಿ ಒಪ್ಪಿಸಿದ ದಿನ. ಎರಡನೆಯದಕ್ಕೆ ಹೆಚ್ಚು ಜಾಗ ಕೊಡಿ. ಆ ದಿನ ನೀವು ಬಾಯಿ ತೆರೆದು ಏನಾದರೂ ಹೇಳಿದಿರಾ ಎಂಬುದು ನನಗಂತೂ ಓದಲು ಕುತೂಹಲ. ಅನ್ನಿಸಿದ್ದರ ಹಾಳೆಯಲ್ಲಿ ಸಿಟ್ಟನ್ನು ಸಿಟ್ಟಾಗಿಯೇ ಬರೆಯಿರಿ. ‘ನಾಲ್ವರಿಗೂ ಒಂದೇ ಅಂಕ ಬಂದಾಗ ಅಳು ಬಂತು’ ಎಂದು ಬರೆದರೆ ಅದು ಯಾರ ಮೇಲೂ ದೂರಲ್ಲ. ಕೊನೆಗೆ ಹೊಸ ಗುಂಪಿನಲ್ಲಿ ಮಾಡುವ ಒಂದೇ ಒಂದು ಬದಲಾವಣೆಯನ್ನು ಬರೆಯಿರಿ. ಹೆಸರು ಮತ್ತು ಕೆಲಸವನ್ನು ಎದುರುಬದುರು ಬರೆದ ಹಾಳೆಯನ್ನು ಮೊದಲ ದಿನವೇ ಗೋಡೆಗೆ ಅಂಟಿಸುವುದಾದರೂ ಆದೀತು. ಹತ್ತು ಪ್ರತಿಜ್ಞೆ ಬರೆದವರನ್ನು ನಾನು ಯಾವತ್ತೂ ನಂಬಿಲ್ಲ.

ಗೆಳತಿ ಅದೇ ಗುಂಪಿನಲ್ಲಿದ್ದಾಳೆ ಎಂದು ಅಂಜಿದ್ದೀರಿ. ನಾನಾಗಿದ್ದರೆ ಅದನ್ನು ಅದೃಷ್ಟ ಎನ್ನುತ್ತಿದ್ದೆ. ಅವಳೂ ಎರಡು ಪುಟ ಬರೆಯಬೇಕಲ್ಲ? ಆ ಪ್ರಾಜೆಕ್ಟಿನ ಬಗ್ಗೆಯೇ ಬರೆಯಲು ಹೇಳಿ. ಇಬ್ಬರೂ ಒಬ್ಬರದನ್ನೊಬ್ಬರು ನೋಡದೆ ಬರೆದು, ಆಮೇಲೆ ಅದಲುಬದಲು ಮಾಡಿಕೊಂಡು ಓದಿ. ಓದುವಾಗ ವಾದ ಬೇಡ, ಒಂದು ಲೋಟ ಕಾಫಿ ಇರಲಿ.

ಅದಕ್ಕೂ ಮೊದಲು ಇನ್ನೊಂದು ಕೆಲಸ ಮಾಡಿ. ಗಡಸುತನದ ಪರೀಕ್ಷೆಯನ್ನು ನೂರಾರು ಸಲ ಮಾಡಿಸಿದವನಾಗಿ ಹೇಳುತ್ತೇನೆ. ಒಂದು ಮಾದರಿಗೆ ಕನಿಷ್ಠ ಮೂರು ಸಲವಾದರೂ ಬ್ಯುರೆಟ್, ಅಂದರೆ ದ್ರಾವಣವನ್ನು ಹನಿಹನಿಯಾಗಿ ಬಿಡುವ ಅಳತೆಯ ಗಾಜಿನ ಕೊಳವೆ, ಓದಿರುತ್ತೀರಿ, ಅಂದರೆ 72 ಅಂಕಿಗಳು. ಒಂದು ಕೈ ಬ್ಯುರೆಟ್ಟಿನ ತಿರುಪಿನ ಮೇಲೆ, ಇನ್ನೊಂದು ಕೈ ಫ್ಲಾಸ್ಕ್ ಅಲ್ಲಾಡಿಸುತ್ತ ಇರುತ್ತದೆ, ಕಣ್ಣು ಕೆಂಪು ಬಣ್ಣ ನೀಲಿಗೆ ತಿರುಗುವ ಆ ಒಂದು ಹನಿಯ ಮೇಲೆ. ಆ ಹೊತ್ತಿನಲ್ಲಿ ಪೆನ್ನು ಹಿಡಿಯಲು ಮೂರನೆಯ ಕೈ ಇಲ್ಲ. ರೀಡಿಂಗ್ ಬರೆದ ಹಳೆಯ ಪುಸ್ತಕ ಮನೆಯಲ್ಲಿ ಎಲ್ಲಾದರೂ ಇದ್ದರೆ ತೆಗೆದು ನೋಡಿ, ಆ ಅಂಕಿಗಳು ಯಾರ ಕೈಬರಹದಲ್ಲಿವೆ?